ತಮ್ಮ ಎಂದು ಬರೆದ ಮೂವತ್ತೇಳು ಸಾಲು

2023ರಲ್ಲಿ ನಾನು ತರೀಕೆರೆಯ ಒಂದು ಸಣ್ಣ ಖಾಸಗಿ ಮ್ಯೂಸಿಯಂನಲ್ಲಿ ಸಹಾಯಕ ಕ್ಯುರೇಟರ್ ಆಗಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ವಸ್ತುಗಳನ್ನು ಒರೆಸುವುದು, ಅಳೆಯುವುದು, ನಂಬರ್ ಕೊಡುವುದು, ಶಾಲಾ ಮಕ್ಕಳು ವೀರಗಲ್ಲಿನ ಮೇಲೆ ಹತ್ತದಂತೆ ನೋಡಿಕೊಳ್ಳುವುದು. ದಿನಾ ಬೆಳಿಗ್ಗೆ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದು ಸಂಜೆ ಹಿಂದಿರುಗುತ್ತಿದ್ದೆ. ಮ್ಯೂಸಿಯಂ ಇದ್ದದ್ದು ಹಳೆಯ ಅಕ್ಕಿ ಗಿರಣಿಯ ಗೋದಾಮಿನಲ್ಲಿ. ಒಟ್ಟು 312 ವಸ್ತುಗಳು. ವೀರಗಲ್ಲು, ಓಲೆಗರಿ, ಸೇರು, ಕೊಳಗ, ತೊಟ್ಟಿಲು, ಒಂದು ಕೆಟ್ಟ ಗ್ರಾಮಫೋನ್.

ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತೇನೆ. ಅದರಲ್ಲಿ ದಿನಾಂಕ, ಎಣಿಕೆ, ಯಾರು ಏನೆಂದರು, ಇಷ್ಟೇ ಇರುತ್ತದೆ. ಈ ಲೇಖನದ ಅಂಕಿಗಳೆಲ್ಲ ಅಲ್ಲಿಂದ ತೆಗೆದವು. ಸಿಟ್ಟು ಅದರಲ್ಲಿ ಇರಲಿಲ್ಲ. ಅದನ್ನು ಈಗ ಸೇರಿಸುತ್ತಿದ್ದೇನೆ.

ಮುಂದಿನದು ತಿಳಿಯಬೇಕಾದರೆ ನಮ್ಮ ಕೆಲಸದ ಒಂದು ನಿಯಮ ಗೊತ್ತಿರಬೇಕು. ನಮ್ಮಲ್ಲಿ ಹದಿನಾಲ್ಕನೇ ನಂಬರಿನ ವೀರಗಲ್ಲು ಒಂದಿದೆ. ವೀರನ ಮುಖ ಒಡೆದುಹೋಗಿದೆ. ಒಡೆದ ಜಾಗ ಇನ್ನಷ್ಟು ಉದುರದಂತೆ ಸುಣ್ಣದ ಗಾರೆ ತುಂಬಿದ್ದೇವೆ, ಆದರೆ ಕಲ್ಲಿಗಿಂತ ಒಂದು ಛಾಯೆ ತಿಳಿಯಾಗಿ. ನೋಡಿದವರಿಗೆ ಎಲ್ಲಿಯವರೆಗೆ ಹಳೆಯದು, ಎಲ್ಲಿಂದ ನಮ್ಮದು ಎಂದು ಗೊತ್ತಾಗಬೇಕು. ‘ಅದಕ್ಕೊಂದು ಮುಖ ಕೆತ್ತಿಸಿಬಿಡಿ, ಚೆನ್ನಾಗಿ ಕಾಣುತ್ತೆ’ ಎಂದು ಬಹಳ ಜನ ಹೇಳಿದ್ದಾರೆ. ಕೆತ್ತಿಸುವಂತಿಲ್ಲ. ವಸ್ತುವಿಗೆ ಏನೇ ಮಾಡಿದರೂ ‘ಬದಲಾವಣೆ ಪುಸ್ತಕ’ ಎಂಬ ರಿಜಿಸ್ಟರಿನಲ್ಲಿ ಐದು ಕಾಲಂ ತುಂಬಬೇಕು: ಏನು ಬದಲಾಯಿತು, ಯಾರು ಮಾಡಿದರು, ಯಾವಾಗ, ಯಾಕೆ, ಮತ್ತೆ ಮೊದಲಿನಂತೆ ಮಾಡುವುದು ಹೇಗೆ. ತರಬೇತಿಯಲ್ಲಿ ಮೊದಲ ದಿನ ಕಲಿಸಿದ ಪಾಠ ಇದು. ನಾನು ಅದನ್ನು ಮುರಿದದ್ದು ಕಲ್ಲಿನ ವಿಷಯದಲ್ಲಿ ಅಲ್ಲ, ಒಂದು ಸಿನಿಮಾದ ವಿಷಯದಲ್ಲಿ.

ಆ ವರ್ಷ ಸಣ್ಣ ಮ್ಯೂಸಿಯಂಗಳಿಗೆ ವಿದೇಶಿ ಕಲಾತ್ಮಕ ಸಿನಿಮಾಗಳನ್ನು ಕಳಿಸುವ ಒಂದು ಯೋಜನೆಗೆ ನಮ್ಮ ಟ್ರಸ್ಟ್ ಅರ್ಜಿ ಹಾಕಿತ್ತು. ಐದು ಚಿತ್ರಗಳ ಪಟ್ಟಿ ಬಂತು. ಸಮಿತಿಯವರು ಯಾವುದನ್ನೂ ನೋಡಲಿಲ್ಲ. ಅವಧಿಯ ಕಾಲಂ ಮಾತ್ರ ನೋಡಿ, 38 ನಿಮಿಷದ್ದನ್ನು ಮೊದಲು ತೋರಿಸೋಣ ಎಂದರು. ನಾಲ್ಕು ಗಂಟೆಗೆ ಶುರು ಮಾಡಿದರೆ ಅಮೃತಾಪುರದ ಮಹಿಳಾ ಸಂಘದವರಿಗೆ ಐದೂವರೆಯ ಬಸ್ಸು ಸಿಗುತ್ತದೆ ಎಂಬುದು ಲೆಕ್ಕ. ಕಲಾಚಿತ್ರವೊಂದು ನಮ್ಮೂರಿಗೆ ಬಂದದ್ದು ಬಸ್ಸಿನ ಟೈಮಿನಿಂದ.

ಕಪ್ಪು-ಬಿಳುಪು ಚಿತ್ರ. ಇಂಗ್ಲೆಂಡಿನ ಒಂದು ಬಂದರು ಪಟ್ಟಣದಲ್ಲಿ ಇಬ್ಬರು ಕಪ್ಪು ಗಂಡಸರು, ಇಬ್ಬರೂ ಹಡಗುಕಟ್ಟೆಯ ಕೂಲಿಗಳು, ಒಂದೇ ಕೋಣೆಯಲ್ಲಿ ಬಾಳುತ್ತಾರೆ. ಒಬ್ಬ ಇನ್ನೊಬ್ಬನ ಅಂಗಿಗೆ ಇಸ್ತ್ರಿ ಹಾಕುತ್ತಾನೆ. ಖಾಲಿ ಹಾಲ್‌ನಲ್ಲಿ ಇಬ್ಬರೂ ಹಣೆಗೆ ಹಣೆ ತಾಗಿಸಿ ಕುಣಿಯುತ್ತಾರೆ. ಊರಿನ ಬಿಳಿಯರು ಅವರಿಗೆ ಹೋಟೆಲಿನಲ್ಲಿ ಟೇಬಲ್ ಕೊಡುವುದಿಲ್ಲ, ಕಾರಣ ಚರ್ಮ. ಅವರದೇ ಜನರ ಚರ್ಚ್ ಅವರನ್ನು ಒಳಗೆ ಸೇರಿಸುವುದಿಲ್ಲ, ಕಾರಣ ಪ್ರೀತಿ. ಕೊನೆಗೆ ಒಬ್ಬ ಸಾಯುತ್ತಾನೆ. ಅವನ ಮನೆಯವರು ಶವಪೆಟ್ಟಿಗೆ ಎತ್ತುವಾಗ ಇನ್ನೊಬ್ಬ ಹೆಗಲು ಕೊಡಲು ಮುಂದೆ ಬರುತ್ತಾನೆ. ಒಬ್ಬ ಹಿರಿಯ ಅವನ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ಸರಿಸುತ್ತಾನೆ. ಉಳಿದ ನಾಲ್ಕು ನಿಮಿಷ ಆ ಮನುಷ್ಯ ನಡೆಯುವುದನ್ನು ಮಾತ್ರ ತೋರಿಸುತ್ತಾರೆ, ಮೆರವಣಿಗೆಯಿಂದ ಐವತ್ತು ಹೆಜ್ಜೆ ಹಿಂದೆ.

ವಿತರಕರ ಕರಾರಿನಲ್ಲಿ ಮೂರು ಷರತ್ತುಗಳಿದ್ದವು. ಒಂದೇ ಪ್ರದರ್ಶನ. ಒಂದು ಫ್ರೇಮನ್ನೂ ಕತ್ತರಿಸುವಂತಿಲ್ಲ. ಸ್ಥಳೀಯ ಭಾಷೆಯ ಸಬ್‌ಟೈಟಲ್, ಅಂದರೆ ಪರದೆಯ ಕೆಳಗೆ ಬರುವ ಅನುವಾದದ ಸಾಲುಗಳನ್ನು, ನಾವೇ ಮಾಡಿಕೊಳ್ಳಬಹುದು. ಇಂಗ್ಲಿಷ್ ಮಾತುಗಳ ಪಟ್ಟಿ ಬಂದಿತ್ತು, 268 ಸಾಲು. ಅದನ್ನು ಕನ್ನಡಕ್ಕೆ ತರಲು ನನಗೆ ಮೂವತ್ತೊಂದು ಗಂಟೆ ಹಿಡಿಯಿತು.

ಅಕ್ಟೋಬರ್ 26ರ ಗುರುವಾರ ಮಧ್ಯಾಹ್ನ, ಕನ್ನಡ ಸಾಲುಗಳ ಸಮೇತ ಇಡೀ ಚಿತ್ರ ಹಾಕಿ, ಪ್ರೊಜೆಕ್ಟರ್ ಪರೀಕ್ಷೆ ಮಾಡಿದೆ. ಜೊತೆಗಿದ್ದವರು ಜಯಣ್ಣ ಒಬ್ಬರೇ. ಜಯಣ್ಣ ನಮ್ಮ ಗ್ಯಾಲರಿ ಅಟೆಂಡೆಂಟ್. ಐವತ್ನಾಲ್ಕು ವರ್ಷ, ಕಡೂರಿನವರು, ಬೌದ್ಧ ಮನೆತನ. ಮೊದಲು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು, 2021ರಲ್ಲಿ ಅದನ್ನು ಬಿಟ್ಟು ಇಲ್ಲಿಗೆ ಬಂದಿದ್ದರು. ಎರಡು ವರ್ಷದಲ್ಲಿ ಅವರು ನನ್ನ ಹತ್ತಿರ ಸ್ವಂತದ ಮಾತು ಆಡಿದ್ದೇ ಇಲ್ಲ. ಆ ದಿನ ಚಿತ್ರ ಮುಗಿದು ಪ್ರೊಜೆಕ್ಟರಿನ ಫ್ಯಾನ್ ನಿಂತ ಮೇಲೆ ಕೇಳಿದರು:

‘ಇದನ್ನ ಯಾರಿಗ್ ಬೇಕಾದ್ರೂ ತೋರಿಸ್ಬೌದಾ ಮೇಡಂ? ಒಬ್ರನ್ನ ಕರ್ಕೊಂಬತ್ತೀನಿ.’

‘ಯಾರನ್ನ ಜಯಣ್ಣ?’

‘ಮಂಜಣ್ಣನ ಅಕ್ಕನ್ನ, ರತ್ನಕ್ಕನ್ನ.’

ಆಗ ಹೇಳಿದರು. ಮಂಜಣ್ಣ ಅದೇ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವರು. ಹಿರೇನಲ್ಲೂರಿನ ಕಡೆಯ ರೈತರ ಮನೆಯವರು. ಇಬ್ಬರೂ ಕಡೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಜೊತೆಯಾಗಿ ಬಾಳಿದರು. 2021ರ ಜನವರಿಯಲ್ಲಿ ಮಂಜಣ್ಣ ತೀರಿಕೊಂಡರು. ಮನೆಯವರು ಹೆಣವನ್ನು ಊರಿಗೆ ಒಯ್ದರು. ಬ್ಯಾಂಡಿನವರನ್ನೂ ಕರೆದರು.

‘ಊದೋಕೆ ಕರುದ್ರು ಮೇಡಂ, ಹೊರೋಕೆ ಬಿಡ್ಲಿಲ್ಲ. ಹೊಲದ ಬೇಲಿ ತಂಕ ಊದ್ಕೊಂಡು ಹೋದೆ. ಅಲ್ಲಿ ರತ್ನಕ್ಕ ನಿಂತು, ಇಲ್ಲಿಗೇ ಸಾಕು ಅಂತು. ಬೇಲಿ ಆಚೆ ನಿಂತ್ಕೊಂಡೇ ಊದ್ದೆ. ಅವರು ಮಣ್ಣು ಹಾಕೋದು ಕಾಣ್ತಿತ್ತು.’

‘ಯಾಕೆ? ಜಾತಿಗಾ, ಅಥವಾ…’

‘ಅದಕ್ಕೊಂದು ಬಾಗ್ಲು, ಇದಕ್ಕೊಂದು ಬಾಗ್ಲು ಅಂತ ಇರ್ಲಿಲ್ಲ ಮೇಡಂ. ಇದ್ದಿದ್ದು ಒಂದೇ ಬಾಗ್ಲು. ಹಾಕುದ್ರು.’

ಅವರಿಗೆ ಬೇಕಾಗಿದ್ದದ್ದು ಒಂದೇ. ವರ್ಷಕ್ಕೊಮ್ಮೆ, ಸತ್ತ ದಿನದಂದು, ಮನೆಯವರು ಸಮಾಧಿಯ ಮುಂದೆ ಬಾಳೆ ಎಲೆಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುತ್ತಾರೆ. ಆ ಎಡೆಯನ್ನು ತಾನೂ ಒಂದು ಸಲ ಇಡಬೇಕು. ಎರಡು ವರ್ಷ ಕೇಳಿಕೊಂಡಿದ್ದರು. ರತ್ನಮ್ಮ ಉತ್ತರವನ್ನೇ ಕೊಟ್ಟಿರಲಿಲ್ಲ. ‘ನಾನು ಎಡೆಗಿಡೆ ನಂಬಲ್ಲ, ಪಂಚಶೀಲ ಹೇಳೋ ಮನೆಯೋನು’ ಎಂದರು ಜಯಣ್ಣ. ‘ಆದ್ರೆ ಅವನು ನಂಬ್ತಿದ್ದ. ರತ್ನಕ್ಕಂಗೆ ನನ್ ಬಾಯಲ್ಲಿ ಹೇಳೋಕ್ ಬರಲ್ಲ. ಈ ಪಿಚ್ಚರ್ ಹೇಳ್ತದೆ.’

ಮುಂದಿನ ಭಾನುವಾರವೇ ಹೋಗಿ ರತ್ನಮ್ಮನನ್ನು ಕರೆದು ಬಂದರು. ಮ್ಯೂಸಿಯಂ ಕಾರ್ಯಕ್ರಮ, ಹೆಂಗಸರೆಲ್ಲ ಬರುತ್ತಾರೆ ಎಂದಷ್ಟೇ ಹೇಳಿದ್ದರಂತೆ. ಆಕೆ ಒಪ್ಪಿದ್ದಕ್ಕೆ ಆ ಸೋಮವಾರ ಜಯಣ್ಣ ಗ್ಯಾಲರಿಯ ಗಾಜುಗಳನ್ನು ಎರಡು ಸಲ ಒರೆಸಿದರು.

ನವೆಂಬರ್ 6, ಸೋಮವಾರ, ಸಮಿತಿ ಸಭೆ. ಕಾರ್ಯದರ್ಶಿಗಳು ನನ್ನ ಅನುವಾದದ ಪ್ರತಿಯನ್ನು ಹಿಂದಿನ ದಿನ ಓದಿದ್ದರು. ಅವರು ನಿವೃತ್ತ ಪ್ರಾಂಶುಪಾಲರು, ಮೃದುವಾದ ಮನುಷ್ಯ. ಯಾರ ಮೇಲೂ ಕೂಗಿದ್ದನ್ನು ನಾನು ಕೇಳಿಲ್ಲ. ಆ ಮೃದುತ್ವದ ಮೇಲೆ ನನಗೆ ಈಗಲೂ ಸಿಟ್ಟಿದೆ. ಕೂಗಿದ್ದರೆ ನಾನೂ ಕೂಗುತ್ತಿದ್ದೆನೇನೋ.

‘ನೋಡಮ್ಮಾ, ವರ್ಣಭೇದದ ವಿಷಯ ಬಹಳ ಒಳ್ಳೇದು. ಮಕ್ಕಳಿಗೆ ಗೊತ್ತಾಗ್ಬೇಕು. ಪೋಸ್ಟರಿನಲ್ಲೂ ಹಾಕೋಣ, ಕಪ್ಪು ಜನರ ಹೋರಾಟ ಅಂತ. ಆ ಇನ್ನೊಂದು ಇದೆಯಲ್ಲ, ಅದು ನಮಗೆ ಬೇಡ.’

‘ಸರ್, ಎರಡೂ ಒಬ್ಬನೇ ಮನುಷ್ಯಂದು. ಒಂದನ್ನ ಬಿಟ್ಟು ಒಂದನ್ನ ಹೇಗೆ ತೋರಿಸೋದು?’

‘ಕತ್ತರಿಸೋ ಹಾಗಿಲ್ಲ, ನಂಗೊತ್ತು. ಆ ಇಂಗ್ಲಿಷು ಇಲ್ಲಿ ಯಾರಿಗೂ ಹಿಡಿಯಲ್ಲ, ಕೆಳಗೆ ಬರೋ ಮಾತು ನಮ್ದಲ್ವಾ? ಇಬ್ರೂ ಅಣ್ಣತಮ್ಮಂದ್ರು ಅಂತ ಮಾಡ್ಬಿಡಿ. ಮುತ್ತುಗಿತ್ತು ಏನೂ ಇಲ್ವಲ್ಲ ಅದ್ರಲ್ಲಿ. ಅಣ್ಣತಮ್ಮ ಇಸ್ತ್ರಿ ಮಾಡ್ಕೊಡ್ತಾರೆ, ಕುಣೀತಾರೆ. ಯಾರಿಗೂ ತೊಂದ್ರೆ ಇಲ್ಲ.’

‘ಇದೇನೂ ಅಪರಾಧ ಅಲ್ಲ ಸರ್. ಕೋರ್ಟು ಹೇಳಿ ಐದು ವರ್ಷ ಆಯ್ತು.’

‘ಕೋರ್ಟು ದಿಲ್ಲೀಲಿದೆ. ನಾನು ನಾಳೆ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ರ ಕಾಫಿ ಕುಡೀಬೇಕು.’

ಎಂಟು ಜನರಲ್ಲಿ ಆರು ಜನ ನಕ್ಕರು. ನಾನು ಎಣಿಸಿದೆ. ಎಣಿಸುವ ಬದಲು ಎದ್ದು ಹೋಗಬಹುದಿತ್ತು. ಡಿಸೆಂಬರಿಗೆ ನನ್ನ ಗುತ್ತಿಗೆ ಮುಗಿಯುವುದಿತ್ತು, ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನನ್ನ ತಲೆಯೊಳಗೆ ನಾನೇ ಹೇಳಿಕೊಂಡೆ.

ಆ ಸಂಜೆ ಕೂತು ಮೂವತ್ತೇಳು ಸಾಲು ಬದಲಾಯಿಸಿದೆ. ‘ನಾನು ಪ್ರೀತಿಸಿದವನು ಕೆಲಸದಿಂದ ಬಂದ’ ಎಂಬುದು ‘ನನ್ನ ತಮ್ಮ ಕೆಲಸದಿಂದ ಬಂದ’ ಎಂದಾಯಿತು. ‘ನಮ್ಮ ಹಾಸಿಗೆ’ ಎಂಬುದು ‘ನಮ್ಮ ಕೋಣೆ’ ಆಯಿತು. ‘ಅವನಿಲ್ಲದೆ ನಾನು ಯಾರ ವಿಧುರ?’ ಎಂಬ ಸಾಲಿಗೆ ‘ಅವನಿಲ್ಲದೆ ನಾನು ಯಾರ ಅಣ್ಣ?’ ಎಂದು ಬರೆದು, ಚೆನ್ನಾಗಿ ಕೂತಿತು ಎಂದು ಒಂದು ಕ್ಷಣ ಖುಷಿಯನ್ನೂ ಪಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ದಿನಚರಿಯಲ್ಲಿದೆ. ನಿಜವನ್ನು ಅನುವಾದಿಸಲು ಮೂವತ್ತೊಂದು ಗಂಟೆ ಬೇಕಾಗಿತ್ತು. ಸುಳ್ಳಿಗೆ ಒಂದು ಗಂಟೆ ಹತ್ತು ನಿಮಿಷ ಸಾಕಾಯಿತು. ಬದಲಾವಣೆ ಪುಸ್ತಕ ಮೇಜಿನ ಮೇಲೇ ಇತ್ತು. ಇದೇನು ಕಲ್ಲೇ, ಮಡಕೆಯೇ ಎಂದು ಅದರಲ್ಲಿ ಏನೂ ಬರೆಯಲಿಲ್ಲ. ಜಯಣ್ಣನಿಗೂ ಹೇಳಲಿಲ್ಲ. ಹನ್ನೆರಡು ದಿನ, ದಿನಾ ಎದುರಿಗೇ ಓಡಾಡುತ್ತಿದ್ದ ಮನುಷ್ಯನಿಗೆ ಹೇಳಲಿಲ್ಲ.

ನವೆಂಬರ್ 18, ಶನಿವಾರ. ಬಂದವರು ಐವತ್ತೊಂಬತ್ತು ಜನ: ಅಮೃತಾಪುರದ ಸಂಘದ ಹೆಂಗಸರು ಇಪ್ಪತ್ಮೂರು, ಕಾಲೇಜಿನ ವಿದ್ಯಾರ್ಥಿಗಳು ಹದಿನೇಳು, ಸಮಿತಿಯವರು ಎಂಟು, ಉಳಿದವರು ಹನ್ನೊಂದು. ಆ ಹನ್ನೊಂದರಲ್ಲಿ ರತ್ನಮ್ಮ ಒಬ್ಬರು. ಅರವತ್ತು ದಾಟಿದ, ಸೊರಗಿದ ಹೆಂಗಸು, ಹಸಿರು ಸೀರೆ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಜಯಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಆಕೆಯನ್ನು ಮೂರನೇ ಸಾಲಿನಲ್ಲಿ, ಕಂಬ ಅಡ್ಡ ಬಾರದ ಕಡೆ ಕೂರಿಸಿ, ತಾವು ಪ್ರೊಜೆಕ್ಟರಿನ ಪಕ್ಕ ನಿಂತರು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಚಿತ್ರ ಶುರುವಾಯಿತು. ಮೂರನೇ ನಿಮಿಷದಲ್ಲಿ ಮೊದಲ ‘ತಮ್ಮ’ ಬಂತು. ಜಯಣ್ಣ ನನ್ನ ಕಡೆ ತಿರುಗಿದರು. ನಾನು ಪರದೆಯನ್ನೇ ನೋಡುತ್ತಿದ್ದೆ. ಐದನೇ ‘ತಮ್ಮ’ ಬರುವ ಹೊತ್ತಿಗೆ ಅವರು ನನ್ನನ್ನು ನೋಡುವುದನ್ನು ಬಿಟ್ಟಿದ್ದರು.

ಸುಳ್ಳು ಸೊಗಸಾಗಿ ಕೆಲಸ ಮಾಡಿತು, ಇದನ್ನೂ ಹೇಳಬೇಕು. ಅಣ್ಣ ತಮ್ಮನ ಅಂಗಿಗೆ ಇಸ್ತ್ರಿ ಹಾಕುವಾಗ ಹೆಂಗಸರ ಸಾಲಿನಿಂದ ‘ನೋಡೇ, ನಮ್ಮ ಗಂಡುಮಕ್ಳೂ ಅವೆ, ಒಂದು ಲೋಟ ಎತ್ತಿಡಲ್ಲ’ ಎಂಬ ಮಾತು ಬಂತು, ಎಲ್ಲರೂ ನಕ್ಕರು. ಹೋಟೆಲಿನಲ್ಲಿ ಟೇಬಲ್ ಕೊಡದಾಗ ವಿದ್ಯಾರ್ಥಿಗಳು ಗುಸುಗುಸು ಮಾತಾಡಿದರು. ತಮ್ಮ ಸತ್ತಾಗ ಹೆಂಗಸರು ಅತ್ತರು. ರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮುಂದಿನ ಸಾಲಿನಲ್ಲಿದ್ದ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, ಚೆನ್ನಾಗಿ ಹೋಗುತ್ತಿದೆ ಎಂಬಂತೆ ತಲೆಯಾಡಿಸಿದರು.

ಆಮೇಲೆ ಶವಪೆಟ್ಟಿಗೆ ಎತ್ತುವ ದೃಶ್ಯ ಬಂತು. ಹಿರಿಯನು ಎದೆಯ ಮೇಲೆ ಕೈಯಿಟ್ಟು ಅವನನ್ನು ಹಿಂದಕ್ಕೆ ಸರಿಸಿದ.

ನಮ್ಮ ಸೀಮೆಯಲ್ಲಿ ಚಟ್ಟಕ್ಕೆ ಯಾರು ಹೆಗಲು ಕೊಡಬೇಕೆಂಬುದು ಮಗುವಿಗೂ ಗೊತ್ತು. ಎಷ್ಟೇ ಜಗಳವಿರಲಿ, ಕೋರ್ಟಿನಲ್ಲಿ ಕೇಸೇ ನಡೆಯುತ್ತಿರಲಿ, ಒಡಹುಟ್ಟಿದವನ ಹೆಗಲನ್ನು ಯಾರೂ ತಳ್ಳುವುದಿಲ್ಲ. ಇದು ನನಗೂ ಗೊತ್ತಿತ್ತು, ಸಮಿತಿಯ ಎಂಟೂ ಜನಕ್ಕೆ ಗೊತ್ತಿತ್ತು. ಹೆಂಗಸರ ಮೈಮೇಲಿನ ಸೆರಗು ಸರಿಯಿದೆಯೇ ಎಂದು ನೋಡುವವರ ಹಾಗೆ ಸಾಲು ಸಾಲು ತಿದ್ದಿದ ನಮಗೆ, ಈ ಒಂದು ದೃಶ್ಯ ನಮ್ಮ ಸುಳ್ಳಿನ ಮೇಲೆ ನಿಲ್ಲುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ದೀಪ ಹಾಕಿದ ತಕ್ಷಣ ರತ್ನಮ್ಮ ಎದ್ದು ನಿಂತರು. ಆಕೆ ಚಪ್ಪಾಳೆಗೂ ಕಾಯಲಿಲ್ಲ.

‘ಸ್ವಾಮೀ, ಒಂದು ಮಾತು. ಒಡಹುಟ್ಟಿದ ಅಣ್ಣನ್ನ ಯಾಕೆ ಹೊರೋಕ್ ಬಿಡ್ಲಿಲ್ಲ? ಏನ್ ಮಾಡಿದ್ನಂತೆ ಅವನು?’

‘ಹೌದ್ ಕಣ್ರೀ, ಅದೇ ನಂಗೂ ತಿಳೀಲಿಲ್ಲ’ ಎಂದರು ಸಂಘದ ಗಂಗಮ್ಮ. ‘ಊರೋರ್ ಬಿಡ್ದಿದ್ರೆ ಸರಿ. ಸ್ವಂತ ಮನೆಯೋರೇ ಬಿಡಲ್ಲ ಅಂದ್ರೆ!’

ಕಾರ್ಯದರ್ಶಿಗಳು ಎದ್ದು, ಪಾಠ ಮಾಡುವ ದನಿಯಲ್ಲಿ, ಒಂದು ಕ್ಷಣವೂ ತಡವರಿಸದೆ ಹೇಳಿದರು:

‘ಅಮ್ಮಾ, ಅದು ಅವರ ಪದ್ಧತಿ. ಆ ಕರಿಯರಲ್ಲಿ ಒಡಹುಟ್ಟಿದವರು ಹೆಣ ಹೊರಬಾರದು.’

‘ಶಿವನೇ! ಎಂಥಾ ಜನಾನಪ್ಪಾ!’ ಎಂದರು ಗಂಗಮ್ಮ.

‘ಆಫ್ರಿಕಾದಲ್ಲಿ ಹಂಗೇ ಕಣ್ರೀ’ ಎಂದ ಒಬ್ಬ ವಿದ್ಯಾರ್ಥಿ. ಹಿಂದಿನಿಂದ ನಗು ಎದ್ದಿತು. ಚಿತ್ರದಲ್ಲಿ ಆಫ್ರಿಕಾ ಎಲ್ಲೂ ಇರಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ಗಳಿಗೆಯಲ್ಲಿ. ಮೊದಲೇ ಬರಬೇಕಿತ್ತು, ಬರಲಿಲ್ಲ. ಕಪ್ಪು ಜನರಿಗೆ ಗೌರವ ಕೊಡೋಣ, ಆ ಇನ್ನೊಂದು ಬೇಡ ಎಂದಿದ್ದೆವು. ಹನ್ನೆರಡೇ ದಿನದಲ್ಲಿ, ಆ ಇನ್ನೊಂದನ್ನು ಮುಚ್ಚಿಡುವುದಕ್ಕಾಗಿ, ಒಡಹುಟ್ಟಿದವನನ್ನು ಚಟ್ಟದ ಹತ್ತಿರ ಬಿಡದ ಅನಾಗರಿಕರನ್ನಾಗಿ ಅವರನ್ನೇ ಮಾಡಿ ಐವತ್ತೊಂಬತ್ತು ಜನರ ಮುಂದೆ ನಿಲ್ಲಿಸಿದ್ದೆವು. ವರ್ಣಭೇದದ ಬಗ್ಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮ ಎಂದು ಬಾಗಿಲಲ್ಲಿ ಬ್ಯಾನರ್ ಕಟ್ಟಿತ್ತು.

ಪ್ರೊಜೆಕ್ಟರಿನ ಪಕ್ಕದಿಂದ ಜಯಣ್ಣ ಮಾತಾಡಿದರು. ದನಿ ಏರಿಸಲಿಲ್ಲ.

‘ಅಕ್ಕ, ಸುಳ್ಳು ಅದು. ಯಾವ ಜನದಲ್ಲೂ ಆ ಪದ್ಧತಿ ಇಲ್ಲ. ಅವನು ತಮ್ಮ ಅಲ್ಲ.’

‘ಮತ್ಯಾರು?’ ಎಂದರು ರತ್ನಮ್ಮ.

ಜಯಣ್ಣ ನನ್ನನ್ನು ನೋಡಿದರು. ಬರೆದವಳು ನಾನು, ಉತ್ತರ ನನ್ನದು. ಕಾರ್ಯದರ್ಶಿಗಳೂ ನನ್ನನ್ನು ನೋಡುತ್ತಿದ್ದರು. ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ದಿನಚರಿಯಲ್ಲಿ ಇಲ್ಲ. ಎಲ್ಲವನ್ನೂ ಎಣಿಸುವ ನಾನು ಅದನ್ನು ಎಣಿಸಿಲ್ಲ.

‘ಅವರಿಬ್ಬರೂ ಅಣ್ಣತಮ್ಮ ಅಲ್ಲ ಅಮ್ಮ. ಗಂಡ ಹೆಂಡತಿ ಬಾಳೋ ಹಾಗೆ ಜೊತೇಲಿ ಬಾಳಿದವರು. ಅದಕ್ಕೇ ಹೊರೋಕೆ ಬಿಡಲಿಲ್ಲ. ತಮ್ಮ ಅಂತ ಬದಲಾಯಿಸಿ ಬರೆದದ್ದು ನಾನು. ಪದ್ಧತಿ ಅಂದಿದ್ದೂ ಸುಳ್ಳು.’

ಗೋದಾಮಿನಲ್ಲಿ ಗದ್ದಲವೆದ್ದಿತು. ಇಬ್ಬರು ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಒಬ್ಬ ಹುಡುಗಿ ‘ಹಾಗಾದ್ರೆ ಮತ್ತೆ ಹಾಕಿ ಮೇಡಂ, ಸರಿಯಾಗಿರೋದನ್ನ’ ಎಂದು ಕೂಗಿದಳು. ಮತ್ತೆ ಹಾಕುವಂತಿರಲಿಲ್ಲ, ಕರಾರಿನ ಒಂದು ಪ್ರದರ್ಶನ ಮುಗಿದಿತ್ತು. ಕಾರ್ಯದರ್ಶಿಗಳು ಎರಡು ಕೈ ಎತ್ತಿ, ‘ಕಾರ್ಯಕ್ರಮ ಮುಗಿದಿದೆ, ಆಚೆ ಟೀ, ಖಾರ ಮಂಡಕ್ಕಿ ಇದೆ’ ಎಂದರು.

ರತ್ನಮ್ಮ ಇನ್ನೂ ನಿಂತೇ ಇದ್ದರು. ಜಯಣ್ಣನ ಕಡೆ ತಿರುಗಲಿಲ್ಲ. ನನ್ನ ಕಡೆ ನೋಡಿ ಹೇಳಿದರು:

‘ತಮ್ಮ ಅಂದಿದ್ಕೆ ಅಳು ಬಂತು ನಂಗೆ. ಅತ್ತಾಯ್ತಲ್ಲ. ಈಗ ಅದನ್ನ ಎಲ್ಲಿ ಹಾಕ್ಲಿ?’

ಚೀಲ ಎತ್ತಿಕೊಂಡು ಕಡೂರಿನ ಬಸ್ಸಿಗೆ ಹೊರಟುಹೋದರು. ಅರವತ್ತು ಲೋಟ ಟೀ ತರಿಸಿದ್ದೆವು. ಮೂವತ್ತೆಂಟು ಹಾಗೇ ಆರಿಹೋದವು.

ಕುರ್ಚಿ ಮಡಚುವಾಗ ಜಯಣ್ಣನಿಗೆ ತಪ್ಪಾಯಿತು ಎಂದೆ. ಅವರು ಕೈಯಲ್ಲಿದ್ದ ಕುರ್ಚಿಯನ್ನು ಗೋಡೆಗೆ ಒರಗಿಸಿದರು.

‘ಆಗಲೇ ಒಂದ್ ಮಾತು ಹೇಳಿದ್ರೆ ನಾನು ಅವ್ರಿಗೆ ಬರ್ಬ್ಯಾಡಿ ಅಂತಿದ್ದೆ ಮೇಡಂ. ಅಷ್ಟೇಯಾ.’

ಅಷ್ಟೇ ಎಂದು ಅವರು ಹೇಳಿದ್ದು ಅಷ್ಟೇ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಕೆಲಸ, ಬದಲಾವಣೆ ಪುಸ್ತಕ ತೆಗೆದೆ. ಏನು ಬದಲಾಯಿತು: ಚಿತ್ರದ ಮೂವತ್ತೇಳು ಸಾಲು. ಮೊದಲು ಏನಿತ್ತು, ಆಮೇಲೆ ಏನಾಯಿತು ಎಂದು ಎರಡು ಪಟ್ಟಿಯಾಗಿ ಅಷ್ಟನ್ನೂ ಬರೆದು ಅಂಟಿಸಿದೆ. ಯಾರು: ನಾನು. ಯಾವಾಗ: ನವೆಂಬರ್ 6. ಯಾಕೆ ಎಂಬ ಕಾಲಂನಲ್ಲಿ ‘ಸಮಿತಿಯ ಸೂಚನೆ’ ಎಂದು ಮೊದಲು ಬರೆದು, ಮುಂದೆ ‘ಮತ್ತು ನನ್ನ ಹೆದರಿಕೆ’ ಎಂದು ಸೇರಿಸಿದೆ. ಮೊದಲಿನಂತೆ ಮಾಡುವುದು ಹೇಗೆ ಎಂಬಲ್ಲಿ ಬರೆಯಲು ಏನೂ ಇರಲಿಲ್ಲ.

ಅದೇ ದಿನ ಯೋಜನೆಯವರಿಗೆ ಕಳಿಸುವ ವರದಿ ಸಹಿಗೆ ಬಂತು. ಕಾರ್ಯದರ್ಶಿಗಳೇ ಬರೆದದ್ದು. ‘ಐವತ್ತೊಂಬತ್ತು ಮಂದಿ ಪಾಲ್ಗೊಂಡರು. ವರ್ಣಭೇದ ನೀತಿಯ ಕುರಿತು ಅರ್ಥಪೂರ್ಣ ಚರ್ಚೆ ನಡೆಯಿತು.’ ಸಹಿ ಹಾಕಲಿಲ್ಲ. ಆ ಎರಡು ಪಟ್ಟಿಗಳ ಪ್ರತಿ ಲಗತ್ತಿಸಿದರೆ ಮಾತ್ರ ಹಾಕುತ್ತೇನೆ ಎಂದೆ.

‘ನಿನಗೆ ಯಾಕಮ್ಮಾ ಇಷ್ಟು ಸಿಟ್ಟು? ಯಾರಿಗೆ ಏನಾಯ್ತು ಈಗ?’ ಎಂದರು.

‘ಜಯಣ್ಣಂಗೆ ಏನಾಯ್ತು ಅಂತ ಅವರನ್ನೇ ಕೇಳಿ ಸರ್.’

ಅವರು ಕೇಳಲಿಲ್ಲ. ಜಯಣ್ಣ ಆಗ ಐದಡಿ ದೂರದಲ್ಲಿ ಗಾಜು ಒರೆಸುತ್ತಿದ್ದರು. ನನ್ನ ಸಹಿ ಇಲ್ಲದೆ ವರದಿ ಕಳಿಸುವಂತಿರಲಿಲ್ಲ, ಕೊನೆಗೆ ಪಟ್ಟಿ ಲಗತ್ತಾಗಿಯೇ ಹೋಯಿತು. ಯೋಜನೆಯವರು ಉಳಿದ ನಾಲ್ಕು ಚಿತ್ರಗಳನ್ನು ಕಳಿಸಲಿಲ್ಲ. ಸಮಿತಿಯವರು ನನ್ನ ಗುತ್ತಿಗೆಯನ್ನು ಮುಂದುವರಿಸಿದರು. ತೆಗೆದರೆ ಮಾತಾಗುತ್ತದೆ ಎಂಬ ಕಾರಣಕ್ಕೆ. ಅವರ ಹೆದರಿಕೆಯಿಂದ ನನ್ನ ಕೆಲಸ ಉಳಿಯಿತು ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ.

ನವೆಂಬರ್ 26, ಭಾನುವಾರ. ಖಾಲಿ ಉಳಿದ ಆ ಕಾಲಂ ತುಂಬಬೇಕೆಂದು ಹಿರೇನಲ್ಲೂರಿನ ಕಡೆಗೆ ಹೋದೆ. ಜಯಣ್ಣನನ್ನು ಮೊದಲೇ ಕೇಳಿದ್ದೆ. ‘ಹೋಗಿ ಬನ್ನಿ, ನಾನ್ ಕಳಿಸ್ದೆ ಅನ್ಬೇಡಿ’ ಎಂದಿದ್ದರು. ರತ್ನಮ್ಮ ಮನೆಯ ಮುಂದೆ ರಾಗಿ ಕೇರುತ್ತಿದ್ದರು. ಗುರುತು ಹಿಡಿದು ಚಾಪೆ ಹಾಕಿದರು. ಚೀಲದಿಂದ ಕಾಗದ ತೆಗೆದು, ‘ಅಮ್ಮ, ನಾನು ಬದಲಾಯಿಸಿದ ಸಾಲುಗಳು ಇವು. ನಿಜವಾಗಿ ಏನಿತ್ತೋ ಅದನ್ನ ಓದ್ತೀನಿ’ ಎಂದೆ.

ಎರಡನೇ ಸಾಲಿಗೆ ಆಕೆ ಮೊರವನ್ನು ಕೆಳಗಿಟ್ಟರು.

‘ಬ್ಯಾಡ ಕಣವ್ವಾ, ಓದ್ಬ್ಯಾಡ. ನಂಗೇನ್ ಗೊತ್ತಿಲ್ಲ ಅನ್ಕೊಂಡಾ? ಹತ್ತೊಂಬತ್ ವರ್ಷ ನೋಡಿಲ್ವಾ? ಹಬ್ಬಕ್ಕೆ ಮಂಜ ಊರಿಗ್ ಬಂದ್ರೆ ಎರಡು ಡಬ್ಬಿ ಕಟ್ಟಿಸ್ಕೊಂಡು ಹೋಗ್ತಿದ್ದ. ಒಬ್ಬನಿಗೆ ಎರಡು ಡಬ್ಬಿ ಯಾಕೆ ಅಂತ ಒಂದ್ ದಿನಾನೂ ಕೇಳ್ಲಿಲ್ಲ ನಾನು. ಕಟ್ಟಿಕೊಟ್ಟೆ.’

ಮೂವತ್ತೇಳು ಸಾಲು ಕೈಯಲ್ಲಿ ಹಿಡಿದು ಕೂತಿದ್ದೆ. ಗೊತ್ತಿಲ್ಲದವರಿಗೆ ತಿಳಿಸಬೇಕೆಂದು ಜಯಣ್ಣ ಆಸೆಪಟ್ಟಿದ್ದರು. ಗೊತ್ತಾಗಬಾರದೆಂದು ನಾವು ಮುಚ್ಚಿದ್ದೆವು. ಗೊತ್ತಿಲ್ಲದವರು ಯಾರೂ ಇರಲೇ ಇಲ್ಲ.

‘ಹಾಗಾದ್ರೆ ಯಾಕಮ್ಮ ಬೇಲಿ ಹತ್ರ ನಿಲ್ಲಿಸಿದ್ರಿ?’

‘ನೆಂಟರೆಲ್ಲ ನಿಂತಿದ್ರು’ ಎಂದರು. ಚೆಲ್ಲಿದ್ದ ರಾಗಿಯನ್ನು ಕೈಯಲ್ಲಿ ಒಟ್ಟುಮಾಡುತ್ತಾ, ‘ಪಿಚ್ಚರಲ್ಲಿ ಎದೆ ಮೇಲೆ ಕೈ ಇಟ್ಟು ನೂಕ್ತಾನಲ್ಲ ಆ ಮುದುಕ, ಆಗ ನನ್ ಕೈಯೇ ನೋಡ್ಕಂಡೆ’ ಎಂದರು. ಮತ್ತೆ ಮೊರ ಎತ್ತಿಕೊಂಡರು. ನಾನು ಏಳುವಾಗ, ರಾಗಿಯನ್ನೇ ನೋಡುತ್ತಾ ಹೇಳಿದರು: ‘ಜನವರೀಲಿ ವರ್ಷದ ಎಡೆ ಐತೆ. ಬರಾಕ್ ಹೇಳು. ಎಲ್ರೂ ಹೋದ್ಮೇಲೆ, ಹೊತ್ತು ಇಳುದ್ಮೇಲೆ.’

ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಕೂತಿದ್ದೆ. ಮರುದಿನ ಜಯಣ್ಣನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು.

‘ಎಲ್ರೂ ಹೋದ್ಮೇಲಾ?’

‘ಹೌದು.’

‘ಬ್ಯಾಡ ಮೇಡಂ. ಹತ್ತೊಂಬತ್ ವರ್ಷ ಎಲ್ರೂ ಹೋದ್ಮೇಲೇ ಬಾಳಿದ್ದು. ಕದ್ದು ಇಟ್ಟ ಎಡೆ ಅವನು ಉಣ್ಣಲ್ಲ. ಎಲ್ರೂ ಇರೋವಾಗ ಕರೀಲಿ, ಬತ್ತೀನಿ.’

ಅವರ ಮುಖದಲ್ಲಿ ಸಿಟ್ಟನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಸಿಟ್ಟಿಗಿಂತ ಅದು ಎಷ್ಟು ಹಳೆಯದೆಂದು ಆಗ ತಿಳಿಯಿತು. ಸಿಕ್ಕಿದ್ದನ್ನು ತೆಗೆದುಕೊಳ್ಳಿ ಎಂದು ಹೇಳಲು ಬಾಯಿ ತೆರೆದಿದ್ದೆ, ಮುಚ್ಚಿದೆ. ‘ಯಾರಿಗೂ ತೊಂದರೆ ಇಲ್ಲ’ ಎಂದ ಕಾರ್ಯದರ್ಶಿಗಳೂ, ‘ಎಲ್ಲರೂ ಹೋದಮೇಲೆ’ ಎಂದ ರತ್ನಮ್ಮನೂ, ಸಾಲು ಬದಲಾಯಿಸಿದ ನಾನೂ ಅವರಿಗೆ ಕೊಡಲು ಹೊರಟದ್ದು ಒಂದೇ ವಸ್ತುವನ್ನು: ಯಾರ ಕಣ್ಣಿಗೂ ಬೀಳದ ಜಾಗ.

ಆ ಹುದ್ದೆಯಲ್ಲೇ ಈಗಲೂ ಇದ್ದೇನೆ. ಹೊಸಬರು ತರಬೇತಿಗೆ ಬಂದರೆ ಹದಿನಾಲ್ಕನೇ ವೀರಗಲ್ಲಿನ ಮುಂದೆ ನಿಲ್ಲಿಸಿ, ತುಂಬಿದ್ದು ತುಂಬಿದಂತೆ ಕಾಣಬೇಕು ಎಂದು ಹೇಳುತ್ತೇನೆ. ಆಮೇಲೆ ಬದಲಾವಣೆ ಪುಸ್ತಕದ ಆ ಪುಟವನ್ನೂ ತೆರೆದು ತೋರಿಸುತ್ತೇನೆ. ಒಡೆದ ಮುಖಕ್ಕೆ ಬೇರೆ ಮುಖ ಕೆತ್ತಿದರೆ ಕಲ್ಲು ಸುಮ್ಮನಿರುತ್ತದೆ, ಆದರೆ ನಾವು ಮುಖ ಬದಲಾಯಿಸಿದ ಮನುಷ್ಯ ಪ್ರೊಜೆಕ್ಟರಿನ ಪಕ್ಕದಲ್ಲೇ ನಿಂತಿರಬಹುದು ಎಂದು ಹೇಳುತ್ತೇನೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.

2024ರ ಜನವರಿಯಲ್ಲಿ ಮಂಜಣ್ಣನ ವರ್ಷದ ದಿನ ಬಂದಾಗ, ರಜೆ ಬೇಕಾ ಎಂದು ಜಯಣ್ಣನನ್ನು ಕೇಳಿದೆ. ‘ಕರೆ ಬಂದಿಲ್ವಲ್ಲ’ ಎಂದರು. ಮರುವರ್ಷವೂ ಕೇಳಿದೆ, ಅದೇ ಉತ್ತರ. ಎರಡೂ ದಿನದ ಹಾಜರಿ ಪುಸ್ತಕದಲ್ಲಿ ಅವರ ಸಹಿ ಇದೆ, ಬೆಳಿಗ್ಗೆ ಒಂಬತ್ತೂವರೆಗೆ. ಎರಡೂ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಕರೆ ಬಂದರೆ ಹಾಗೇ ಹೊರಡಲು.